ಹೊರಡಲೊಲ್ಲದ ಗಾಡಿ

ನಮ್ಮ ಮನೆಯಲ್ಲಿ ಮುಚ್ಚಿದ ವಸ್ತುವಿಗೆ ಪೂಜೆ ಇರಲಿಲ್ಲ. ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿಯ ಶಾಸ್ತ್ರದಲ್ಲಿತ್ತು, ನಮಗೆ ಅಷ್ಟು ಸಾಕಾಗಿತ್ತು. ಆಯುಧಪೂಜೆಯ ದಿನ ಮನೆಯಲ್ಲಿ ದುಡಿಯುವ ವಸ್ತು ಏನೇ ಇರಲಿ, ಮುಚ್ಚಳ ತೆಗೆದು ಅದರ ಹೊಟ್ಟೆ ತೋರಿಸಬೇಕು. ಹೊಲಿಗೆ ಮಿಷನ್ನಿನ ತಗಡು, ರೇಡಿಯೋದ ಹಿಂಬದಿಯ ರಟ್ಟು, ಗೋಡೆ ಗಡಿಯಾರದ ಗಾಜಿನ ಬಾಗಿಲು ಎಲ್ಲವೂ ತೆರೆದುಕೊಂಡು ಕೂರುತ್ತಿದ್ದವು. ದೇವರು ಒಳಗೆ ನೋಡಬೇಕು, ಮೇಲಿನ ಬಣ್ಣ ನೋಡಿ ಅವನು ಏನು ಮಾಡುತ್ತಾನೆ ಎನ್ನುವುದು ಅಜ್ಜಿಯ ವಾದ. ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ಬಟ್ಟಲು ಹಿಡಿದು, ಒಂದೊಂದಕ್ಕೂ ಉಂಗುರದ ಬೆರಳಿನಿಂದ ಬೊಟ್ಟಿಡುತ್ತಾ ಬರುವಳು. ಕತ್ತರಿ, ಈಳಿಗೆಮಣೆ, ಅಪ್ಪನ ಸ್ಪಾನರುಗಳು ಒಮ್ಮೆ ದಸರಾ ಗೊಂಬೆಗಳ ಮೆಟ್ಟಿಲ ಕೆಳಗೆ ಸಾಲಾಗಿ ಮಲಗಿದರೆ ಮಾರನೆಯ ದಿನ, ವಿಜಯದಶಮಿಯ ಮರುಪೂಜೆ ಮುಗಿಯುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಲೆಕ್ಕದ ಪುಸ್ತಕವೂ ಅಲ್ಲೇ ಇರುತ್ತಿದ್ದುದರಿಂದ ಈ ನಿಯಮದ ಬಗ್ಗೆ ನನಗೇನೂ ತಕರಾರಿರಲಿಲ್ಲ.

ವಿದ್ಯಾರಣ್ಯಪುರಂನ ಒಂದು ಅಡ್ಡರಸ್ತೆಯಲ್ಲಿ ನಮ್ಮ ವಾಸ. ಮನೆ ಎನ್ನುವುದಕ್ಕಿಂತ, ಪಾತ್ರೆಗಳ ಜೊತೆಗೆ ನಮಗೂ ಒಂದಿಷ್ಟು ಜಾಗ ಕೊಟ್ಟಿದ್ದರು ಎನ್ನಬೇಕು. ಅಪ್ಪ ಮದುವೆ ಮುಂಜಿಗಳಿಗೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದರು. ನಡುಮನೆಯ ಅರ್ಧ ಭಾಗ ಹಂಡೆ, ಕೊಳಗ, ತಪ್ಪಲೆಗಳದ್ದು. ಅಲ್ಲಿ ನಿಂತು ಯಾರಾದರೂ ದನಿ ಏರಿಸಿದರೆ ಖಾಲಿ ಹಂಡೆಗಳೂ ಗುಂಯ್ ಎಂದು ದನಿಗೂಡಿಸುತ್ತಿದ್ದವು. ಹಾಗಾಗಿ ನಮ್ಮ ಮನೆಯ ಸಣ್ಣ ಜಗಳ ಕೂಡ ಬೀದಿಯವರಿಗೆ ದೊಡ್ಡದಾಗಿ ಕೇಳಿಸುತ್ತಿತ್ತು. ನಾನೋ ಕೂತಲ್ಲಿ ಕೂರದ ಹುಡುಗಿ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು ಎಂದು ಅಮ್ಮ ಬೈಯುತ್ತಿದ್ದಳು. ಉಣ್ಣುವಾಗಲೂ ಸಾರಿಗೂ ಮೊಸರಿಗೂ ನಡುವೆ ಎದ್ದು ಬೀದಿ ನೋಡಿ ಬರುತ್ತಿದ್ದೆ. ಈಗ ಮೊಮ್ಮಕ್ಕಳಾಗುವ ವಯಸ್ಸು, ಚಾಳಿ ಮಾತ್ರ ಹೋಗಿಲ್ಲ. ಮಿಕ್ಸಿ ನಿಂತರೆ ರಿಪೇರಿಯವನು ಬರುವ ತನಕ ತಡೆಯಲಾರದೆ ಬಿಚ್ಚಿ ಹರಡಿಕೊಂಡು ಕೂರುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಒಂದು ವಸ್ತು ನಿಂತುಹೋಯಿತು ಎಂದರೆ ಅದಕ್ಕೆ ಒಳಗೆಲ್ಲೋ ಕಾರಣ ಇದ್ದೇ ಇರುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ವಿಜಯದಶಮಿಯ ಬೆಳಿಗ್ಗೆ, ಪದ್ಮತ್ತೆಯಿಂದ.

ಪದ್ಮತ್ತೆ ಅಪ್ಪನ ತಂಗಿ. ಅವಳನ್ನು ನೋಡಲು ಬಂದ ಗಂಡುಗಳಿಗೆಲ್ಲ ನಮ್ಮ ಮನೆಯ ಕೇಸರಿಭಾತು ಹಿಡಿಸುತ್ತಿತ್ತು, ಅತ್ತೆ ಹಿಡಿಸುತ್ತಿರಲಿಲ್ಲ. ಅತ್ತೆಗೆ ಅವರು ಹಿಡಿಸಿದರೋ ಇಲ್ಲವೋ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಜಗಲಿಯ ಮೇಲೆ ಬೀದಿಯ ಮಕ್ಕಳಿಗೆಲ್ಲ ಪಾಠ ಹೇಳುತ್ತಾ ಮೂವತ್ತು ದಾಟಿದ್ದಳು. ಅಜ್ಜಿಗೆ ಅವಳೇ ಕಣ್ಣು, ಅವಳೇ ಕೈ. ಸೂಜಿಗೆ ದಾರ ಪೋಣಿಸುವವಳು ಅವಳು, ಮಂಡಿಗೆ ಎಣ್ಣೆ ನೀವುವವಳು ಅವಳು, ರಾತ್ರಿ ಅಜ್ಜಿ ಹೇಳಿದ್ದನ್ನೇ ಹೇಳಿದರೂ ಹ್ಞೂಂಗುಟ್ಟುವವಳು ಅವಳು. ಅಂಥವಳಿಗೆ ಗುಂಡ್ಲುಪೇಟೆಯ ಆಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಕೆಲಸದ ಆರ್ಡರ್ ಬಂತು. ಪಿತೃಪಕ್ಷವೆಲ್ಲ ಮನೆಯಲ್ಲಿ ಅದೇ ರಾಮಾಯಣ. ಅಲ್ಲಿ ನೀರು ಸರಿಯಿಲ್ಲ, ಒಂಟಿ ಹೆಂಗಸಿಗೆ ಯಾರು ಮನೆ ಕೊಡುತ್ತಾರೆ, ಜ್ವರ ಬಂದರೆ ಗಂಜಿ ಕಾಸುವವರಾರು ಎಂದು ಅಜ್ಜಿ ದಿನಕ್ಕೊಂದು ತೆಗೆಯುತ್ತಿದ್ದಳು. ಅತ್ತೆ ಒಂದಕ್ಕೂ ದನಿ ಏರಿಸಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಕೊನೆಗೆ ಅಜ್ಜಿಯೇ ಒಂದು ಷರತ್ತು ಹಾಕಿದಳು. ವಿಜಯದಶಮಿಗೆ ಮುಹೂರ್ತ ನೋಡಬೇಕಿಲ್ಲ. ಆ ದಿನ, ರಾಹುಕಾಲಕ್ಕೆ ಮುಂಚೆ, ನಮ್ಮದೇ ಗಾಡಿಯಲ್ಲಿ, ಅಣ್ಣನ ಜೊತೆ ಹೊರಡುವುದಾದರೆ ಹೊರಡಲಿ. ತಪ್ಪಿದರೆ ಮುಂದಿನ ಒಳ್ಳೆಯ ದಿನ ನೋಡೋಣ. ಆದರೆ ಕೆಲಸಕ್ಕೆ ಸೇರಲು ವಿಜಯದಶಮಿಯ ಮಾರನೆಯ ದಿನವೇ ಕೊನೆಯದಾಗಿತ್ತು. ಅದು ಅಜ್ಜಿಗೂ ಗೊತ್ತಿತ್ತು.

ಗಾಡಿ ಎಂದರೆ ನಮ್ಮ ಪೆಟ್ರೋಲ್ ಪಿಕಪ್ಪು. ನನಗಿಂತ ದೊಡ್ಡದು, ವಯಸ್ಸಿನಲ್ಲಿ. ಅಪ್ಪ ಕೊಳ್ಳುವಾಗಲೇ ಇನ್ನೊಬ್ಬರ ಕೈಯಲ್ಲಿ ಸವೆದು ಬಂದಿತ್ತು. ಅದನ್ನು ಯಾರಾದರೂ ಹಳೇ ಗಾಡಿ ಎಂದರೆ ಅಪ್ಪನ ಮುಖ ಸಣ್ಣಗಾಗುತ್ತಿತ್ತು. ಆ ವರ್ಷದ ಆಯುಧಪೂಜೆಗೆ ಅಪ್ಪ ಇನ್ನಿಲ್ಲದ ಉತ್ಸಾಹದಲ್ಲಿ ತೊಳೆದರು. ತಂಗಿಯನ್ನು ಬಿಟ್ಟು ಬರಬೇಕಲ್ಲ. ಅಜ್ಜಿಯ ನಿಯಮದಂತೆ ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಬ್ಯಾಟರಿಯ ಮುಚ್ಚಳ ತೆಗೆದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕರಿಯ ಟೋಪಿಯನ್ನೂ ಬಿಚ್ಚಿಟ್ಟರು. ಒಳಗೆ ಕೊತ್ತಂಬರಿ ಕಾಳಿಗಿಂತ ಚಿಕ್ಕದಾದ ಎರಡು ಬಿಲ್ಲೆಗಳಿದ್ದವು. ಅವಕ್ಕೆ ಪಾಯಿಂಟ್ ಎನ್ನುತ್ತಿದ್ದರು. ಅವು ಒಂದನ್ನೊಂದು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಮಾಡಿದರೇ ಕಿಡಿ ಹುಟ್ಟುವುದು, ಕಿಡಿ ಹುಟ್ಟಿದರೇ ಪೆಟ್ರೋಲ್ ಉರಿಯುವುದು. ಅಪ್ಪ ಅವನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಮಾಡಿ, ಈ ಇಷ್ಟೇ ಇಷ್ಟರಲ್ಲಿ ಇಡೀ ಗಾಡಿಯ ಜೀವ ಇದೆ ನೋಡಮ್ಮ ಎಂದು ಅಜ್ಜಿಗೆ ತೋರಿಸಿ ಸ್ನಾನಕ್ಕೆ ಹೋದರು. ಅಜ್ಜಿ ಗಂಧದ ಬಟ್ಟಲು ಹಿಡಿದು ಗಾಡಿಯ ಸುತ್ತ ಬಂದಳು. ನಾನು ಕಡಲೆಪುರಿಯ ಪೊಟ್ಟಣದ ಹಿಂದೆ ಹೋದೆ. ಬೂದುಗುಂಬಳ ಒಡೆದದ್ದಾಯಿತು, ಬಾಳೆಕಂದು ಕಟ್ಟಿದ್ದಾಯಿತು, ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಊರಿನವರೆಲ್ಲ ಪೂಜೆ ಮುಗಿದ ಕೂಡಲೇ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿಬಿಡುತ್ತಿದ್ದರು. ನಮ್ಮಲ್ಲಿ ಹಾಗಿಲ್ಲ. ಸ್ಪಾನರಿಗೆ ಬಿಡುವು ಎಂದ ಮೇಲೆ ಗಾಡಿಗೂ ಬಿಡುವೇ. ಮರುದಿನ ಹೊರಡುವಾಗಲೇ ನಿಂಬೆಹಣ್ಣು ತುಳಿಯುವುದು. ಸಂಜೆ ಅಪ್ಪ ಕತ್ತಲಲ್ಲೇ ಟೋಪಿ ಹಾಕಿ ಬಾನೆಟ್ ಮುಚ್ಚಿದರು.

ವಿಜಯದಶಮಿಯ ಬೆಳಿಗ್ಗೆ ಅತ್ತೆಯ ಮಂಚ, ಟ್ರಂಕು, ಸೀಮೆಎಣ್ಣೆ ಸ್ಟೌ, ಬಕೆಟ್ಟು ಎಲ್ಲ ಗಾಡಿ ಹತ್ತಿದವು. ಅಮ್ಮ ಪುಳಿಯೋಗರೆ, ಮೊಸರನ್ನ ಕಟ್ಟಿದಳು. ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅತ್ತೆ ಹೋಗಬಾರದು ಎಂದು ಒಂದು ಗಳಿಗೆ ಅನ್ನಿಸಿದರೆ, ಗಾಡಿ ಬೇಗ ಹೊರಡಬಾರದೇ ಎಂದು ಇನ್ನೊಂದು ಗಳಿಗೆ. ಅಪ್ಪ ಹತ್ತಿ ಕೂತು ಕೀ ತಿರುಗಿಸಿ ಸ್ಟಾರ್ಟರ್ ಒತ್ತಿದರು. ಕುರ್ರ್, ಕುರ್ರ್, ಕುರ್ರ್ ಎಂದಿತು. ಅಷ್ಟೇ. ಮತ್ತೆ ಒತ್ತಿದರು, ಮತ್ತೆ ಕುರ್ರ್. ಹಾರ್ನ್ ಹೊಡೆದು ನೋಡಿದರು, ಬೀದಿಯೇ ಎದ್ದು ಕೂರುವ ಹಾಗೆ ಕೂಗಿತು. ಬ್ಯಾಟರಿಗೆ ರೋಗವಿಲ್ಲ ಎಂದಾಯಿತು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಅಂದರೆ ಪೆಟ್ರೋಲೂ ಬರುತ್ತಿದೆ. ಇನ್ನು ನೋಡಬೇಕೆಂದರೆ ಸ್ಪಾನರ್ ಬೇಕು. ಸ್ಪಾನರುಗಳು ಗೊಂಬೆಗಳ ಕೆಳಗೆ ಹೂ ಮುಡಿದು ಮಲಗಿವೆ.

ಅಪ್ಪ ನನ್ನನ್ನು ಒಳಗೆ ಅಟ್ಟಿದರು, ಮರುಪೂಜೆ ಆಯಿತಾ ಕೇಳಿಕೊಂಡು ಬಾ ಎಂದು. ಅಜ್ಜಿ ಹೂವು ಬಿಡಿಸುತ್ತಿದ್ದಳು. ಆಗಬೇಕು ಎಂದಳು. ಹೊರಗೆ ಓಡಿ ಹೇಳಿದೆ. ಮತ್ತೆ ಅಟ್ಟಿದರು. ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ಬೇರೆ ವರ್ಷವಾಗಿದ್ದರೆ ನಾವು ಹಲ್ಲು ಉಜ್ಜುವುದರೊಳಗೆ ಮರುಪೂಜೆ ಮುಗಿಸುವ ಅಜ್ಜಿ ಅವತ್ತು ಒಂದೊಂದು ಗೊಂಬೆಗೂ ಪ್ರತ್ಯೇಕ ಅಕ್ಷತೆ ಹಾಕುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನನಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಆ ಸ್ಪಾನರನ್ನು ಎತ್ತಿಕೊಂಡು ಓಡಿಬಿಡಲೇ ಅನ್ನಿಸಿದ್ದು ಸುಳ್ಳಲ್ಲ.

ಅಷ್ಟರಲ್ಲಿ ಎದುರು ಮನೆಯ ನಿಂಗೇಗೌಡರು ಜಂಬೂಸವಾರಿಗೆ ಜಾಗ ಹಿಡಿಯಲು ಚಾಪೆ, ಬುತ್ತಿ ಸಮೇತ ಸಂಸಾರ ಹೊರಡಿಸಿದ್ದವರು ಅಪ್ಪನ ಪಾಡು ನೋಡಿ ಚಾಪೆ ಕೆಳಗಿಟ್ಟರು.

"ತಳ್ಳಿ ಬುಡೋಣ ಬುಡಿ ಸ್ವಾಮಿ. ಅದೆಂಗೆ ಸ್ಟಾರ್ಟ್ ಆಗಲ್ಲ ನಾನೂ ನೋಡೇಬುಡ್ತೀನಿ."

ಗೌಡರು, ಅವರ ಇಬ್ಬರು ಅಳಿಯಂದಿರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲ ಸೇರಿ ಐಸಾ ಎಂದರು. ಗಾಡಿ ಬೀದಿಯ ಕೊನೆಯ ತನಕ ಹೋಯಿತು, ಮದುಮಗನ ಹಾಗೆ ಗಂಭೀರವಾಗಿ, ಒಂದು ಮಾತಾಡದೆ. ಅಲ್ಲಿಂದ ತಿರುಗಿಸಿ ಮನೆಯ ಮುಂದಕ್ಕೆ ತಂದು ಬಿಟ್ಟರು. ಗೌಡರು ಬೆವರು ಒರೆಸಿಕೊಂಡು, ಇದಕ್ಕೆ ಆನೆಯೇ ಬೇಕು ಎಂದು ಚಾಪೆ ಎತ್ತಿಕೊಂಡು ನಡೆದರು. ನಿಂಬೆಹಣ್ಣುಗಳು ಮಾತ್ರ ಅಪ್ಪಚ್ಚಿಯಾಗಿ ಬಿದ್ದಿದ್ದವು.

ಆಗ ಅಜ್ಜಿ ಹೊರಗೆ ಬಂದಳು. ಮರುಪೂಜೆ ಮುಗಿದಿತ್ತು, ಕೈಯಲ್ಲಿ ಮಂಗಳಾರತಿಯ ತಟ್ಟೆಯಿತ್ತು. ನಿಂಬೆಹಣ್ಣು ನೋಡಿದಳು, ನಿಂತ ಗಾಡಿ ನೋಡಿದಳು, ಅಪ್ಪನ ಕಡೆ ತಿರುಗಿದಳು.

"ಸೀನಾ, ಇಳಿಸು ಸಾಮಾನು. ಗಾಡಿ ಒಲ್ಲೆ ಅಂತಿದೆ. ಜೀವ ಇಲ್ಲದ್ದೇ ಬಾಯಿಬಿಟ್ಟು ಹೇಳ್ತಿರೋವಾಗ ನಾವು ಕೇಳ್ಬೇಕು."

ಅಪ್ಪ ಸ್ಟೀರಿಂಗ್ ಹಿಡಿದುಕೊಂಡೇ ಕೂತರು. ಬೆಕ್ಕು ಅಡ್ಡ ಬಂದರೆ ಮದುವೆಯ ಪಾತ್ರೆಯನ್ನೇ ಕಳಿಸದೆ ಅರ್ಧ ಗಂಟೆ ತಡೆಯುವ ಮನುಷ್ಯ ಅವರು. ಮುಖ ನೋಡಿದರೆ ಅಜ್ಜಿಯ ಮಾತನ್ನು ಅರ್ಧ ನಂಬಿಯೇ ಬಿಟ್ಟಿದ್ದರು. ಬಸ್ಸಿಗೆ ಹೋಗುತ್ತೇನೆ ಎಂದಳು ಅತ್ತೆ. ಇಷ್ಟು ಶಕುನ ನೋಡಿದ ಮೇಲೂ ಬಸ್ಸು ಹತ್ತುವುದಾದರೆ ನನ್ನ ಕಾಲಿಗೆ ಬೀಳುವುದು ಬೇಡ, ಹಾಗೇ ಹತ್ತಿಬಿಡು ಎಂದಳು ಅಜ್ಜಿ. ಅಮ್ಮ ಮಂಚದ ಒಂದು ಕಾಲು ಹಿಡಿದುಕೊಂಡು, ಇಳಿಸುವುದೋ ಬಿಡುವುದೋ ತಿಳಿಯದೆ ನಿಂತಳು. ಅತ್ತೆಯ ಕಣ್ಣು ಕೆಂಪಗಾಗಿತ್ತು. ಅವಳು ಅಳುತ್ತಾಳೆ, ಮುಗಿಯಿತು, ಇನ್ನು ಜನ್ಮವಿಡೀ ಜಗಲಿಯ ಮೇಲೇ ಇರುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಒಳಗೆ ಹೋಗಿ ಸ್ಪಾನರ್ ಪೆಟ್ಟಿಗೆಯನ್ನು ಹೂವಿನ ಸಮೇತ ಎತ್ತಿಕೊಂಡು ಬಂದಳು.

"ಮರುಪೂಜೆ ಆಯ್ತಲ್ಲಮ್ಮ, ಈಗ ಮುಟ್ಟಬಹುದು ತಾನೇ? ಅಣ್ಣ, ಇಳಿ. ಕಿಡಿ ಬರ್ತಿದ್ಯಾ ನೋಡೋಣ."

ಅಮ್ಮನನ್ನು ಡ್ರೈವರ್ ಸೀಟಿಗೆ ಹತ್ತಿಸಿದರು. ಹುಟ್ಟಿದಾರಭ್ಯ ಆ ಕಡೆಯಿಂದ ಗಾಡಿ ಹತ್ತದ ಅಮ್ಮ ಸ್ಟಾರ್ಟರನ್ನು, ಕಾದ ಒಬ್ಬಟ್ಟು ಮುಟ್ಟುವ ಹಾಗೆ ಒಂದೇ ಬೆರಳಿನಲ್ಲಿ ಒತ್ತಿದಳು. ಅಪ್ಪ ಒಂದು ಪ್ಲಗ್ಗಿನ ವೈರು ಕಿತ್ತು ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದರು. ಟಿಕ್ ಎಂದು ನೀಲಿ ಕಿಡಿ ಹಾರಬೇಕು. ಹಾರಲಿಲ್ಲ. ಕರೆಂಟಿನ ಬಲ ಹೆಚ್ಚಿಸುವ ಕಾಯಿಲಿನಿಂದ ಬರುವ ದಪ್ಪ ವೈರು ಕಿತ್ತು ಹಿಡಿದರು. ಅಲ್ಲೂ ಇಲ್ಲ. ಅಂದರೆ ತಪ್ಪಿರುವುದು ಪ್ಲಗ್ಗಿನಲ್ಲಲ್ಲ, ಅದಕ್ಕೂ ಹಿಂದೆ. ಅಪ್ಪ ಗಾಡಿಯ ಸೀಟಿನಡಿ ಇಟ್ಟಿದ್ದ ಬದಲಿ ಕಾಯಿಲ್ ತೆಗೆದು ಹಾಕಿದರು. ಕುರ್ರ್. ಬದಲಿ ಕಂಡೆನ್ಸರ್ ಹಾಕಿದರು. ಕುರ್ರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದ ಹಾಗೆ ನೆಟ್ಟಗಿದ್ದ ಸಾಮಾನೆಲ್ಲ ಬೀದಿಗೆ ಬಿತ್ತು. ಅಜ್ಜಿ ಜಗಲಿಯ ಮೇಲೆ ಕೂತು ಬಿಸಿಲು ಎಲ್ಲಿಗೆ ಬಂತು ಎಂದು ನೋಡುತ್ತಿದ್ದಳು. ರಾಹುಕಾಲ ಹತ್ತಿರವಾಗುತ್ತಿತ್ತು. ನಾನು ಜಗಲಿಗೂ ಗಾಡಿಗೂ ನಡುವೆ ಅಲೆದೂ ಅಲೆದೂ ಕಾಲು ಸೋತರೂ ಕೂರಲಾರದೆ ಹೋದೆ.

ಅತ್ತೆ ಪಾಯಿಂಟ್ ನೋಡು ಎಂದಳು. ನಿನ್ನೆ ತಾನೇ ನನ್ನ ಕೈಯಾರೆ ಉಜ್ಜಿದ್ದೇನೆ, ಅದರಲ್ಲಿ ನೋಡುವುದೇನಿದೆ ಎಂದು ಅಪ್ಪ ರೇಗಿದರು. ಅತ್ತೆ ಸ್ಪಾನರ್ ಪೆಟ್ಟಿಗೆ ತಡಕಿದಳು. ಪೆಟ್ಟಿಗೆಯಲ್ಲಿ ಎರಡು ವೈರು ಕಟ್ಟಿದ ಪುಟ್ಟ ಬಲ್ಬೊಂದಿತ್ತು. ಅದರ ಒಂದು ತುದಿಯನ್ನು ಗಾಡಿಯ ಮೈಗೆ ಒತ್ತಿ, ಇನ್ನೊಂದನ್ನು ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತಂತಿಗೆ ತಾಗಿಸಿ, ಅಮ್ಮನಿಗೆ ಸ್ಟಾರ್ಟರ್ ಒತ್ತಲು ಹೇಳಿದಳು. ಬಲ್ಬು ಹತ್ತಿಕೊಂಡಿತು, ಹಾಗೇ ಉರಿಯುತ್ತಲೇ ಇತ್ತು.

"ಅಣ್ಣ, ಬಿಲ್ಲೆ ಎರಡೂ ಮುಟ್ಟಿದಾಗ ಬಲ್ಬು ಆರಬೇಕು, ಬಿಟ್ಟಾಗ ಹತ್ತಬೇಕು. ಮಿಣುಕಬೇಕು ಇದು. ಸುಮ್ನೆ ಉರೀತಿದೆ ನೋಡು. ಅವು ಒಂದನ್ನೊಂದು ಮುಟ್ಟುತ್ತಾನೇ ಇಲ್ಲ."

ಅಪ್ಪ ಡಿಸ್ಟ್ರಿಬ್ಯೂಟರಿನ ಟೋಪಿ ತೆಗೆದರು. ಮೂವರೂ ಬಗ್ಗಿದೆವು, ತಲೆಗೆ ತಲೆ ಢಿಕ್ಕಿಯಾಯಿತು. ಬಿಲ್ಲೆಗಳು ಮುಟ್ಟಿಕೊಂಡೇ ನಿಂತ ಹಾಗೆ ಕಾಣುತ್ತಿದ್ದವು. ಅತ್ತೆ ಉಗುರಿನಿಂದ ಅವನ್ನು ಬಿಡಿಸಿದಳು. ಎರಡರ ಮುಖದ ಮೇಲೂ ಒಣಗಿ ಗಟ್ಟಿಯಾದ ಗಂಧ, ನಡುವೆ ಒಂದು ಚೂರು ಕುಂಕುಮ. ಗಂಧದಲ್ಲಿ ಕರೆಂಟು ಹರಿಯುವುದುಂಟೇ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಗಿತ್ತು. ನನಗೆ ನಗು ತಡೆಯಲಿಲ್ಲ. ಸೀಟಿನಿಂದ ಇಳಿದು ಬಂದ ಅಮ್ಮ ನನ್ನ ತೊಡೆ ಚಿವುಟಿದಳು, ಆದರೆ ಅವಳ ತುಟಿಯೂ ಬಿಗಿಯಾಗಿತ್ತು.

ಅಜ್ಜಿ ಎದ್ದು ಬಂದಳು. ಬಗ್ಗಿ ನೋಡಿದಳು, ತನ್ನ ಬೊಟ್ಟು ತನಗೆ ಗುರುತು ಸಿಗದೆ ಇರುತ್ತದೆಯೇ. ಇಡೀ ಗಾಡಿಯ ಜೀವ ಅಲ್ಲೇ ಇದೆ ಎಂದು ನೀನೇ ಅಲ್ಲವೇನೋ ಹೇಳಿದ್ದು ಎಂದಳು ಅಪ್ಪನಿಗೆ. ದಾರಿಯಲ್ಲಿ ಮಗಳಿಗೇನೂ ಆಗದಿರಲಿ ಎಂದು ಬೇಡಿಕೊಂಡು, ಒಂದಕ್ಕೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ಎರಡಕ್ಕೂ ಹಚ್ಚಿದ್ದಳಂತೆ.

ಅಪ್ಪ ಉಪ್ಪುಕಾಗದ ಹಿಡಿದುಕೊಂಡು ಕೈ ಮುಂದೆ ಮಾಡಲಾರದೆ ನಿಂತರು. ಪೂಜೆಯ ಗಂಧವನ್ನು ಕೆರೆದು ಬಿಸಾಡುವುದು ಹೇಗೆ? ಅತ್ತೆಯೂ ಮುಟ್ಟಲಿಲ್ಲ. ಅಜ್ಜಿ ಸೆರಗಿನ ತುದಿಯನ್ನು ಮಂಗಳಾರತಿಯ ತಟ್ಟೆಯಲ್ಲಿದ್ದ ತೀರ್ಥದ ಬಟ್ಟಲಿನ ನೀರಿನಲ್ಲಿ ಅದ್ದಿ, ಬೆರಳಿಗೆ ಸುತ್ತಿ, ತಾನೇ ಒರೆಸತೊಡಗಿದಳು. ಒಂದು ಬಿಲ್ಲೆ, ಆಮೇಲೆ ಇನ್ನೊಂದು. ಬಹಳ ಹೊತ್ತು ಒರೆಸಿದಳು. ಅಪ್ಪ ಹಗುರಾಗಿ ನಕ್ಕು, ಹಾಗಾದರೆ ಶಕುನ ಗಿಕುನ ಏನೂ ಅಲ್ಲ ಬಿಡು ಎಂದು ಮಾತು ಮುಗಿಸಲು ನೋಡಿದರು. ಅಲ್ಲಿಗೆ ಎಲ್ಲರೂ ನಕ್ಕು ಮುಗಿಸಿಬಿಡಬಹುದಿತ್ತು. ಅತ್ತೆ ಬಿಡಲಿಲ್ಲ.

"ಗಾಡಿ ಒಲ್ಲೆ ಅನ್ನಲಿಲ್ಲ, ಅಲ್ವಾಮ್ಮ?"

"ಇಲ್ಲ. ಒಲ್ಲೆ ಅಂದಿದ್ದು ನಾನು."

"ಹಾಗಂತ ನೇರವಾಗಿ ಹೇಳಬಹುದಿತ್ತು. ನೀರು ಸರಿಯಿಲ್ಲ, ಶಕುನ ಸರಿಯಿಲ್ಲ ಅಂತೆಲ್ಲ ಯಾಕೆ?"

"ನನಗೆ ನೀನಿಲ್ಲದೆ ಇರಕ್ಕಾಗಲ್ಲ ಕಣೇ, ಇರು ಅಂದಿದ್ರೆ ಇರ್ತಿದ್ಯಾ?"

ಪದ್ಮತ್ತೆ ಆಗ ಅತ್ತುಬಿಟ್ಟಳು, ಮುಚ್ಚುಮರೆಯಿಲ್ಲದೆ, ಬೀದಿಯಲ್ಲೇ. ಅಳುತ್ತಲೇ ಹೇಳಿದಳು.

"ಇಲ್ಲಮ್ಮ."

"ಅದಕ್ಕೇ ಹೇಳಲಿಲ್ಲ."

ನಮ್ಮ ಮನೆಯಲ್ಲಿ ಅಲ್ಲಿಯ ತನಕ ಯಾರೂ ಯಾರಿಗೂ ಹಾಗೆ ನೇರವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೇಕಾದದ್ದಕ್ಕೆ ದೇವರನ್ನು ಮುಂದೆ ಮಾಡುತ್ತಿದ್ದೆವು, ಬೇಡದ್ದಕ್ಕೆ ಗಳಿಗೆಯನ್ನು. ನನಗೆ ಭಯವಾಯಿತು, ಯಾಕೋ ಖುಷಿಯೂ ಆಯಿತು. ನಾನೂ ಅಳತೊಡಗಿದೆ, ಅತ್ತೆ ಹೋಗಬೇಡ ಎಂದು ಕೂಗಿದೆ. ಈ ಸಲ ಅಮ್ಮ ಚಿವುಟಲಿಲ್ಲ.

ಅಪ್ಪ ಉಳಿದ ಪದರವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಿಲ್ಲೆಗಳ ನಡುವಿನ ಸಂದನ್ನು ಪೋಸ್ಟ್ ಕಾರ್ಡಿನ ಮೂಲೆ ತೂರಿಸಿ ಸರಿ ಮಾಡಿ, ಟೋಪಿ ಹಾಕಿ, ವೈರುಗಳನ್ನು ಸಿಕ್ಕಿಸಿದರು. ಈ ಸಲ ತಾವೇ ಹತ್ತಿ ಸ್ಟಾರ್ಟರ್ ಒತ್ತಿದರು. ಕುರ್ರ್ ಎನ್ನುವಷ್ಟೂ ಪುರುಸೊತ್ತು ಕೊಡದೆ ಎಂಜಿನ್ ಹೊತ್ತಿಕೊಂಡಿತು. ಬಾಳೆಕಂದುಗಳು ಗಡಗಡ ನಡುಗಿದವು. ಅತ್ತೆ ಆಗಲೇ ಅಪ್ಪನ ಪಕ್ಕ ಹತ್ತಿ ಕೂತಿದ್ದವಳು, ಅಜ್ಜಿಯ ಕಾಲಿಗೆ ಬಿದ್ದೇ ಇಲ್ಲವೆಂದು ನೆನಪಾಗಿ ಬಾಗಿಲು ತೆರೆದು ಇಳಿಯಲು ಕಾಲು ಕೆಳಗಿಟ್ಟಳು. ಅಪ್ಪ ಎಂಜಿನ್ ಆರಿಸಲು ಕೀಗೆ ಕೈ ಹಾಕಿದರು. ಅಜ್ಜಿ ಹೋಗಿ ಅತ್ತೆಯ ಕಾಲನ್ನು ತನ್ನ ಕೈಯಿಂದಲೇ ಎತ್ತಿ ಒಳಗಿಟ್ಟು, ಬಾಗಿಲನ್ನು ದಬ್ಬಿ ಹಾಕಿದಳು.

"ಇಳೀಬೇಡ. ಸೀನಾ, ನಿಲ್ಲಿಸ್ಬೇಡ ಕಣೋ ಗಾಡೀನ. ನಿಂತ್ರೆ ನಾನು ಮತ್ತೆ ಏನಾದ್ರೂ ಅಂದ್ಬಿಡ್ತೀನಿ. ಹೊರಡಿ."